ಕೆಂಪು ಬಟ್ಟೆಯ ಓಟಗಾರ

“ಬುದ್ಧಿ, ನನ್ನ ವರದಿಯಲ್ಲಿ ಸುಳ್ಳಿಲ್ಲ. ಆ ನರ್ಸಮ್ಮ ಹೇಳುವುದರಲ್ಲೂ ಸುಳ್ಳು ಕಾಣುವುದಿಲ್ಲ. ಎರಡೂ ನಿಜವಾಗುವುದು ಹೇಗೆ?” ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಚೆನ್ನವೀರನದು ನೆಟ್‌ವರ್ಕ್ ಕಾಯುವ ಕೆಲಸ. ಜಿಲ್ಲೆಯ ದೊಡ್ಡ ಆಸ್ಪತ್ರೆಗೂ ಸುತ್ತಲಿನ ಸಣ್ಣ ಆಸ್ಪತ್ರೆಗಳಿಗೂ ನಡುವೆ ಒಂದೇ ಲೈನು. ದೊಡ್ಡ ಡಾಕ್ಟರ ಮಾತು, ಎಕ್ಸ್‌ರೇ ಚಿತ್ರ, ಕಚೇರಿಯ ಕಾಗದ, ಎಲ್ಲವೂ ಅದರಲ್ಲೇ ಹೋಗಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಪ್ರತಿಯೊಂದಕ್ಕೂ ಒಂದು ಗುರುತು ಇತ್ತು. ದಾರಿ ಹೇಗಿದೆ ಎಂದು ತಿಳಿಯಲು ಅವನು ಸಾಫ್ಟ್‌ವೇರ್ ಬರೆದಿದ್ದ. ಅದು ನಿಮಿಷಕ್ಕೊಂದು ಪರೀಕ್ಷೆಯ ತುಣುಕನ್ನು ಆಚೆಗೆ ಕಳಿಸಿ, ಎಷ್ಟು ಹೊತ್ತಿಗೆ ತಿರುಗಿ ಬಂತೆಂದು ಪರದೆಯ ಮೇಲೆ ತೋರಿಸುತ್ತಿತ್ತು. ಪರದೆ ಸದಾ ಹಸಿರು. ಆದರೆ ಕಾಡಂಚಿನ ಆಸ್ಪತ್ರೆಯ ನರ್ಸೊಬ್ಬರು ಮೂರು ಸಲ ದೂರು ಕೊಟ್ಟಿದ್ದರು. ಹೆರಿಗೆ ಕಷ್ಟವಾದಾಗ ದೊಡ್ಡ ಡಾಕ್ಟರನ್ನು ಕೇಳಲು ಹೋದರೆ ಅವರ ಮಾತು ಅರ್ಧಕ್ಕೇ ತುಂಡಾಗುತ್ತದೆ ಎಂದು. ಚೆನ್ನವೀರ ಮೂರು ಸಲವೂ ಪರದೆ ನೋಡಿ, ತೊಂದರೆ ಇಲ್ಲ ಎಂದು ಬರೆದು, ದೂರನ್ನು ಮುಗಿಸಿದ್ದ.

“ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಬಂದಿದ್ದೀಯ. ಕೂತುಕೋ. ನಡುವೆ ಬಾಯಿ ಹಾಕಿದರೆ ಕತೆ ನಿಲ್ಲಿಸಿಬಿಡುತ್ತೇನೆ,” ಎಂದರು ಗುರುಗಳು. ಆಮೇಲೆ ಕಣ್ಣು ಅರೆಮುಚ್ಚಿ ಹೇಳತೊಡಗಿದರು.

ಒಂದು ಕಣಿವೆ. ಈಚೆಗೊಂದು ಸೀಮೆ, ಆಚೆಗೊಂದು ಸೀಮೆ. ನಡುವೆ ಬಂಡೆಗಳ ಸಂದಿನಲ್ಲಿ ಒಂದೇ ದಾರಿ. ಅದೂ ಎಷ್ಟು ಅಗಲ? ಹಿಂದಿನಿಂದ ಒಬ್ಬ ಓಡಿ ಬಂದರೆ ಮುಂದಿನವರು ಹೊರೆ ಇಳಿಸಿ ಬಂಡೆಗೆ ಒರಗಬೇಕು, ಅಷ್ಟು. ಅಲ್ಲಿ ಮಂಜು ಮಧ್ಯಾಹ್ನವೂ ಕರಗುತ್ತಿರಲಿಲ್ಲ. ಮನುಷ್ಯನಿಗಿಂತ ಮೊದಲು ಅವನ ಕೆಮ್ಮು ಬರುತ್ತಿತ್ತು. ಕಾದು ಕಾದು ಜನ ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಮುಂದಿನವನು ಬಿಟ್ಟ ಕನಸನ್ನು ಹಿಂದಿನವನು ಎತ್ತಿಕೊಂಡು ಕಾಣುತ್ತಿದ್ದನಂತೆ. ನಾನು ನೋಡಿಲ್ಲಪ್ಪ, ಕೇಳಿದ್ದು.

ಆ ಸೀಮೆಯ ಪಾಳೆಯಗಾರ ಒಳ್ಳೆಯವನು. ಒಂದು ಕಟ್ಟಳೆ ಮಾಡಿದ್ದ. ಮದ್ದು ಒಯ್ಯುವವರ ತೋಳಿಗೆ, ಸೂಲಗಿತ್ತಿಯ ತೋಳಿಗೆ ಕೆಂಪು ಬಟ್ಟೆ. ಅವರಿಗೆ ಎಲ್ಲರೂ ದಾರಿ ಬಿಡಬೇಕು. ಹಾಲು, ವೀಳ್ಯದೆಲೆ, ರೇಷ್ಮೆಗೂಡು, ಇಂಥ ಕೆಡುವ ಸರಕಿಗೆ ಹಸಿರು ಬಟ್ಟೆ, ಕೆಂಪಿನ ನಂತರ ಅವರ ಸರದಿ. ಉಪ್ಪು, ಕಲ್ಲು, ಮರಕ್ಕೆ ಬಟ್ಟೆಯೇ ಇಲ್ಲ, ಅವು ಎಷ್ಟು ದಿನ ಬೇಕಾದರೂ ಕಾಯಬಹುದು. “ನನ್ನ ಕಣಿವೆಯಲ್ಲಿ ಯಾರ ಸರಕೂ ಕೆಡಬಾರದು. ದಾರಿಯ ವರದಿ ನನಗೆ ದಿನವೂ ಬರಬೇಕು,” ಎಂದು ಹೇಳಿ ಒಬ್ಬ ಕಾವಲುಗಾರನನ್ನು ಇಟ್ಟ.

ಕಾವಲುಗಾರನೂ ಒಳ್ಳೆಯವನೇ. ಸೋಮಾರಿಯಲ್ಲ. ದಾರಿ ಹೇಗಿದೆ ಎಂದು ತಿಳಿಯಲು ದಿನಕ್ಕೊಮ್ಮೆ ಒಬ್ಬ ಓಟಗಾರನನ್ನು ಆಚೆಗೆ ಓಡಿಸುತ್ತಿದ್ದ. ಅರಮನೆಗೆ ಹೋಗುವ ವರದಿ, ತಡವಾದರೆ ಹೇಗೆ? ಅದಕ್ಕೆ ಓಟಗಾರನ ತೋಳಿಗೆ ಕೆಂಪು ಬಟ್ಟೆ ಕಟ್ಟಿದ. ಓಟಗಾರ ಅರ್ಧ ಗಳಿಗೆಯಲ್ಲಿ ಹೋಗಿ ಬಂದರೆ ಕಾವಲುಗಾರ ಗೋಡೆಯ ಮೇಲೆ ಸುಣ್ಣದಿಂದ ಒಂದು ಬಿಳಿ ಚುಕ್ಕೆ ಇಡುತ್ತಿದ್ದ. ಓಟಗಾರ ಯಾವತ್ತೂ ಅರ್ಧ ಗಳಿಗೆಯಲ್ಲೇ ಬರುತ್ತಿದ್ದ. ಗೋಡೆ ತುಂಬಿತು. ಆಹಾ, ನೋಡಲು ಎಷ್ಟು ಚೆನ್ನ! ಕಾವಲುಗಾರ ಉಂಡ ಮೇಲೆ ಅದರ ಮುಂದೆ ಕೂತು ನೋಡುತ್ತಿದ್ದ.

ಒಂದು ಸಲ ಈಚೆ ಸೀಮೆಯ ಹೆಂಗಸೊಬ್ಬಳು ಒಂದು ದೊಡ್ಡ ಬುಟ್ಟಿ ರೇಷ್ಮೆಗೂಡು ಹೊತ್ತು ಬಂದಳು. ನೂಲು ತೆಗೆಯುವವರು ಇದ್ದದ್ದು ಆಚೆ ಸೀಮೆಯಲ್ಲಿ. ಗೂಡಿನ ಸಂಗತಿ ನಿನಗೆ ಗೊತ್ತೇನಯ್ಯಾ? ಒಳಗೆ ಜೀವ ಇರುತ್ತದೆ. ದಿನ ತುಂಬಿದರೆ ಅದು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಅವಳ ಕೈಯಲ್ಲಿ ಇನ್ನು ಮೂರು ದಿನ ಇತ್ತು. ಮನೆಯ ಆರು ತಿಂಗಳ ರಾಗಿ ಆ ಬುಟ್ಟಿಯಿಂದಲೇ ಬರಬೇಕಿತ್ತು.

ಹಸಿರು ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ನಿಂತಳು. ಮೊದಲ ದಿನ ಸಾಲು ಹತ್ತು ಮಾರು ಹೋಗಲಿಲ್ಲ. ದಾರಿ ಕದಲುತ್ತಿಲ್ಲ ಎಂದು ಕಾವಲುಗಾರನಿಗೆ ಹೇಳಿಕಳಿಸಿದಳು. ಪಾಪ, ಅವನಿಗೆ ಗಾಬರಿಯಾಯಿತು. ಒಂದು ಸಲ ಸಾಲದು ಎಂದು ಎರಡನೆಯ ದಿನ ಓಟಗಾರನನ್ನು ಆರು ಸಲ ಓಡಿಸಿದ. ಮೂರನೆಯ ದಿನ ಹನ್ನೆರಡು ಸಲ. ಎಲ್ಲವೂ ಅರ್ಧ ಗಳಿಗೆ, ಎಲ್ಲವೂ ಬಿಳಿ ಚುಕ್ಕೆ. ಸದ್ಯ, ಏನೂ ತೊಂದರೆ ಇಲ್ಲ ಎಂದು ಅವನು ಉಸಿರು ಬಿಟ್ಟ.

ನಾಲ್ಕನೆಯ ದಿನ ಬೆಳಿಗ್ಗೆ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದವರು ಕಣ್ಣು ಬಿಟ್ಟರು. ಮಂಜಿನೊಳಗೆ ಇನ್ನೊಂದು ಮಂಜು ಅಲುಗಿದಂತೆ ಕಂಡಿತು. ಬಿಳಿಯ ಚಿಟ್ಟೆಗಳು. ರೇಷ್ಮೆಚಿಟ್ಟೆ ಹಾರಲಾರದು, ಸುಮ್ಮನೆ ರೆಕ್ಕೆ ಬಡಿಯುತ್ತದೆ. ಬುಟ್ಟಿಯ ಅಂಚಿನ ಮೇಲೆ, ಹೆಂಗಸಿನ ಹೆಗಲ ಮೇಲೆ, ಹಿಂದಿನವನ ಉಪ್ಪಿನ ಚೀಲದ ಮೇಲೆ ಕೂತು ನೂರಾರು ಚಿಟ್ಟೆ ರೆಕ್ಕೆ ಬಡಿಯುತ್ತಿದ್ದವು. ಸದ್ದೇ ಇಲ್ಲ. ಇದು ಯಾರ ಕನಸು ಎಂದು ಒಬ್ಬ ಕೇಳಿದನಂತೆ. ಹೆಂಗಸು ಮಾತ್ರ ಅಳುತ್ತಿದ್ದಳು.

ಅವಳು ಸಾಲು ಬಿಟ್ಟು, ಬುಟ್ಟಿ ಹೊತ್ತು, ಕಾವಲುಗಾರನ ಮುಂದೆ ಬಂದು ನಿಂತಳು.

“ಅಯ್ಯೋ, ಇದು ಹೇಗಾಯಿತಮ್ಮಾ? ಆ ಗೋಡೆ ನೋಡು. ನಿನ್ನೆ ಒಂದೇ ದಿನ ನನ್ನ ಓಟಗಾರ ಹನ್ನೆರಡು ಸಲ ಹೋಗಿ ಬಂದ. ಒಂದು ಸಲವೂ ದಾರಿ ಕಟ್ಟಿರಲಿಲ್ಲ!” ಎಂದ ಅವನು.

“ಹೇಗೆ ಕಟ್ಟುತ್ತೆ ಸ್ವಾಮಿ? ಹನ್ನೆರಡು ಸಲವೂ ಬುಟ್ಟಿ ಇಳಿಸಿ, ಬಂಡೆಗೆ ಒರಗಿ, ಅವನಿಗೆ ದಾರಿ ಬಿಟ್ಟವಳು ನಾನೇ,” ಎಂದಳು ಅವಳು.

ಆ ಮಾತು ಕಾವಲುಗಾರನ ಎದೆಗೆ ನಾಟಿತು. ಗೋಡೆಯ ಕಡೆ ನೋಡಲು ಅವನಿಗೆ ನಾಚಿಕೆಯಾಯಿತು. ಓಟಗಾರನನ್ನು ಕರೆದು, ತೋಳಿನ ಕೆಂಪು ಬಟ್ಟೆ ಬಿಚ್ಚಿ, ಹಸಿರು ಬಟ್ಟೆ ಕಟ್ಟಿದ. ತಲೆಯ ಮೇಲೆ ಒಂದು ಬುಟ್ಟಿ ವೀಳ್ಯದೆಲೆ ಹೊರಿಸಿದ. “ಸಾಲಿನ ಕೊನೆಗೆ ಹೋಗಿ ನಿಲ್ಲು. ಓಡಬೇಡ. ಯಾರು ಕಾಯುತ್ತಾರೋ ಅವರ ಹಾಗೆ ಕಾದು ಬಾ,” ಎಂದ.

ಓಟಗಾರ ಹೋಗಿ ಐದನೆಯ ದಿನ ತಿರುಗಿ ಬಂದ. ಗಡ್ಡ ಬೆಳೆದಿತ್ತು. ಎಲೆ ಒಣಗಿ ಹಪ್ಪಳವಾಗಿತ್ತು. ಕಾವಲುಗಾರ ಮಸಿ ತೆಗೆದುಕೊಂಡು ಗೋಡೆಯ ಮೇಲೆ ಮೊದಲ ಕಪ್ಪು ಚುಕ್ಕೆ ಇಟ್ಟ. ಅಂದಿನಿಂದ ಪ್ರತಿ ಬಟ್ಟೆಗೂ ಬೇರೆ ಗೋಡೆ, ಬೇರೆ ಓಟಗಾರ. ಸಾಲಿನಲ್ಲಿ ಎಷ್ಟು ಹೊತ್ತು, ಎಷ್ಟು ಸರಕು ಕೆಟ್ಟಿತು, ಎಷ್ಟು ಜನ ಬೇಸತ್ತು ತಿರುಗಿ ಹೋದರು, ಎಲ್ಲ ಬರೆದ. ಪಾಳೆಯಗಾರ ಮೊದಲು ಹೌಹಾರಿದ. ಆಮೇಲೆ ಕಲ್ಲುಕುಟಿಗರನ್ನು ಕಳಿಸಿ ಬಂಡೆ ಒಡೆಸಿದ. ಉಪ್ಪು, ಮರ ಹೊತ್ತವರಿಗೆ ಬೇರೆ ಹೊತ್ತು ಗೊತ್ತು ಮಾಡಿದ. ಮೂರು ತಿಂಗಳಲ್ಲಿ ವೀಳ್ಯದೆಲೆ ಹಸಿರಾಗಿಯೇ ಆಚೆ ಸೇರತೊಡಗಿತು. ವರದಿ ಅಂದರೆ ಹೀಗಿರಬೇಕು ಎಂದು ಎರಡು ಸೀಮೆಯವರೂ ಕಾವಲುಗಾರನನ್ನು ಹೊಗಳಿದರು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಥಟ್ಟನೆ ಎದ್ದು ನಿಂತ. ಅವನ ಮುಖ ಅರಳಿತ್ತು.

“ತಿಳಿಯಿತು ಬುದ್ಧಿ! ನನ್ನ ಪರೀಕ್ಷೆಯ ತುಣುಕಿಗೂ ಎಲ್ಲಕ್ಕಿಂತ ಮೇಲಿನ ಗುರುತೇ ಇದೆ. ದಾರಿಯಲ್ಲಿ ಕಳೆದುಹೋಗಬಾರದೆಂದು ನಾನೇ ಹಾಕಿದ್ದು. ಡಾಕ್ಟರ ಮಾತಿಗೆ ಇರುವುದು ಅದಕ್ಕಿಂತ ಕೆಳಗಿನ ಗುರುತು. ಇವತ್ತೇ ಬದಲಾಯಿಸುತ್ತೇನೆ. ಪ್ರತಿ ಗುರುತಿಗೂ ಬೇರೆ ಬೇರೆ ಪರೀಕ್ಷೆ ಇಡುತ್ತೇನೆ. ನಾಳೆಯಿಂದ ನನ್ನ ವರದಿ ಸರಿಹೋಗುತ್ತದೆ!”

“ಹೋಗುತ್ತದೆ, ಹೋಗುತ್ತದೆ,” ಎಂದರು ಗುರುಗಳು. ಚೆನ್ನವೀರ ನಮಸ್ಕಾರ ಮಾಡಿ ಹೊಸ್ತಿಲವರೆಗೆ ಹೋದ. ಆಗ ಅವರು ಹಿಂದಿನಿಂದ ಮೆಲ್ಲಗೆ ಹೇಳಿದರು:

“ಆ ಹೆಂಗಸು ಏನಾದಳು ಎಂದು ನೀನೂ ಕೇಳಲಿಲ್ಲವಲ್ಲಯ್ಯಾ.”