ಮಂಚವ್ವನ ಸವಕಲು ಕಾಸು

ಹೊಳೆದಂಡೆಯ ಹಳೇ ಚತ್ರದ ಜಗಲಿಯಲ್ಲಿ ಪೂಜ್ಯ ಶಾಂತಬೋಧ ಸ್ವಾಮಿಗಳು ಹರಿದ ಕಂಬಳಿಗೆ ತೇಪೆ ಹಾಕುತ್ತ ಕುಳಿತಿದ್ದರು. ಸೂಲಗಿತ್ತಿ ಮಂಚವ್ವ ಬಂದವಳೇ, ಅಡ್ಡಬೀಳುವುದನ್ನೂ ಮರೆತು, ಮೆಟ್ಟಿಲ ಮೇಲೆ ಕುಸಿದಳು. ಸೆರಗಿನ ಮರೆಯಲ್ಲಿ ಹಿಡಿದು ತಂದಿದ್ದ, ಹರಳೆಣ್ಣೆ ತುಂಬಿದ ಹಿತ್ತಾಳೆ ಬಟ್ಟಲನ್ನು ಅವರ ಪಾದದ ಬಳಿ ಇಟ್ಟಳು.

"ಇದ್ರಲ್ಲಿ ದೀಪ ಹಚ್ಕೊಳ್ಳಿ ಬುದ್ಧಿ. ನಂಗಿನ್ನು ಸಾಕಾಯ್ತು."

ನಲವತ್ತು ವರ್ಷ ಊರಿನ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕಿದ ಕೈ ಅದು. ಅಂದು ಬೆಳಿಗ್ಗೆ ದಿನಸಿ ಅಂಗಡಿಯ ತೋಟಪ್ಪ, ಸೊಸೆಯ ಹೆರಿಗೆಗೆ ಪೇಟೆಯಿಂದ ನರ್ಸಮ್ಮ ಬರುತ್ತಾಳೆಂದು ತಿಳಿಸಿ, "ನೀನು ಸವಕಲು ನಾಣ್ಯ ಕಣವ್ವ, ಮೂಲೇಲಿ ಕೂತ್ಕೋ" ಅಂದಿದ್ದ. ಎಲೆಯಡಿಕೆಗೆಂದು ಅವಳು ನೀಡಿದ ಸವೆದ ತೂತಿನ ಕಾಸನ್ನೂ ಹಿಂದಕ್ಕೆ ತಳ್ಳಿದ್ದ.

ಈಗಿನವರು ಈ 'ಸವಕಲು ನಾಣ್ಯ' ಎಂಬ ಮಾತನ್ನು ಸಲೀಸಾಗಿ ಆಡಿಬಿಡುತ್ತಾರೆ. ಅದೆಲ್ಲಿಂದ ಬಂತೆಂದು ಹೇಳದೆ ನಾನು ಮುಂದೆ ಹೋಗುವವನಲ್ಲ. ಆಗಿನ ಅಂಗಡಿಕಾರರು ಕಾಸನ್ನು ಹೆಬ್ಬೆರಳಿನಿಂದ ತಡವುತ್ತಿದ್ದರು. ಮುದ್ರೆ ಬೆರಳಿಗೆ ಸಿಗದಷ್ಟು ಸವೆದಿದ್ದರೆ ವಾಪಸ್ಸು. ಬರಬರುತ್ತ ಕೆಲಸಕ್ಕೆ ಬಾರದವರೆನಿಸಿಕೊಂಡ ಮನುಷ್ಯರಿಗೂ ಅದೇ ಹೆಸರು ಅಂಟಿತು, ನೋಡಿ.

ಸ್ವಾಮಿಗಳು ಅವಳ ಕತೆಯನ್ನೆಲ್ಲ ಕೇಳಿಸಿಕೊಂಡರು. ಬಟ್ಟಲನ್ನು ಗೋಡೆಯ ಗೂಡಿನಲ್ಲಿಟ್ಟರು. ಮಂಚವ್ವ ಅಂದಿನಿಂದ ಚತ್ರದ ಕಸ ಗುಡಿಸಿಕೊಂಡು ಅಲ್ಲೇ ಉಳಿದಳು.

ಎರಡು ತಿಂಗಳ ಮೇಲೆ ತೋಟಪ್ಪ ಮೊಮ್ಮಗನನ್ನು ಎತ್ತಿಕೊಂಡು ಬಂದ. ಮೊದಲ ಸಲ ಹೊಸಿಲು ದಾಟಿದ ಕೂಸಿನ ಉಡಿದಾರಕ್ಕೆ ಸ್ವಾಮಿಗಳ ಕೈಯಿಂದ ಕಾಸು ಕಟ್ಟಿಸುವುದು ಆ ಊರಿನ ಪದ್ಧತಿ. ತೋಟಪ್ಪ ಹೊಸ ಬೆಳ್ಳಿ ರೂಪಾಯಿಗೆ ಅಕ್ಕಸಾಲಿಯಿಂದ ತೂತು ಹಾಕಿಸಿ ತಂದಿದ್ದ. ಕಟ್ಟಿದ್ದೇ ತಡ, ಕೂಸು ಚೀರಿತು. ನಾಣ್ಯದ ಅಂಚು ಒತ್ತಿ ಎಳೆ ಸೊಂಟದ ಮೇಲೆ ಕೆಂಪಗೆ ಗೀರೆದ್ದಿತ್ತು.

ಸ್ವಾಮಿಗಳು ಅದನ್ನು ಬಿಚ್ಚಿ, ಕಸಬರಿಗೆ ಹಿಡಿದು ನಿಂತಿದ್ದ ಮಂಚವ್ವನತ್ತ ಕೈ ನೀಡಿದರು.

"ಇವರು ಬೇಡ ಅಂದ ಕಾಸು ಎಲ್ಲಿ ತಾಯಿ?"

ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅದನ್ನು ಕಟ್ಟಿದ ಮೇಲೆ ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

"ಎಷ್ಟು ಕೈ ದಾಟಿ ಇಷ್ಟು ನುಣುಪಾಯಿತೋ, ತೋಟಪ್ಪ. ಕೂಸಿನ ಮೈಗೆ ಇದೇ ಆಗೋದು" ಅಂದರು ಸ್ವಾಮಿಗಳು.

ತೋಟಪ್ಪ ಬಹಳ ಹೊತ್ತು ಮಂಚವ್ವನ ಅಂಗೈಗಳನ್ನೇ ನೋಡುತ್ತಿದ್ದ. ನರ್ಸಮ್ಮ ಎಂಟೇ ದಿನಕ್ಕೆ ಹೊರಟುಹೋದದ್ದನ್ನೂ, ನೀರು ಹಾಕುವಾಗಲೆಲ್ಲ ಕೂಸು ಮೈ ಕಪ್ಪಿಡುವಂತೆ ಅಳುವುದನ್ನೂ ತಗ್ಗಿದ ದನಿಯಲ್ಲಿ ಹೇಳಿಕೊಂಡ. "ತಪ್ಪಾಯ್ತು. ನಾಳೆಯಿಂದ ಬಾರವ್ವ."

"ನಿನ್ನ ಹೆಬ್ಬೆರಳು ಒಪ್ಕೊಂಡ್ತೇನಪ್ಪ ನನ್ನ?" ಅಂದಳು ಮಂಚವ್ವ. ಆಮೇಲೆ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಸ್ವಾಮಿಗಳತ್ತ ತಿರುಗಿದಳು. "ನನ್ನ ಬಟ್ಟಲು ಕೊಡಿ ಬುದ್ಧಿ."

ಸ್ವಾಮಿಗಳು ಗೂಡಿನಿಂದ ತೆಗೆದುಕೊಟ್ಟರು. ಎರಡು ತಿಂಗಳಾಗಿದ್ದರೂ ಆ ಮಹಾನುಭಾವರು ಅದಕ್ಕೆ ಬತ್ತಿ ಹಾಕಿರಲಿಲ್ಲ. ಎಣ್ಣೆ ಹಾಗೇ ಇತ್ತು.