ನೀಲವ್ವನ ಮೂರು ದಾರ

ಡಂಗುರದವನು ಊರೆಲ್ಲ ಸಾರಿದ ರಾಜಾಜ್ಞೆ ಇಷ್ಟೇ: ಕಿರಿಯ ರಾಣಿಯ ಕೊರಳಿನ ಗೆಡ್ಡೆಯನ್ನು ಕೊಯ್ಯಬೇಕಾಗಿದೆ. ಆಕೆಗೆ ನಿದ್ದೆಮದ್ದು ಕೊಡಬಯಸುವವರು ದೊರೆಯ ಮೂರು ಒಗಟು ಬಿಡಿಸಬೇಕು. ತಪ್ಪಿದವರು ಅದೇ ಮದ್ದನ್ನು ಬಟ್ಟಲು ತುಂಬ ಕುಡಿಯಬೇಕು.

ಗಬ್ಬದ ಕುದುರೆಗಳ ಮೂತ್ರದಿಂದ ಬಟ್ಟಿ ಇಳಿಸಿದ ಮದ್ದು ಅದು. ಅದನ್ನು ಕುಡಿದು ಮಲಗಿದ ಹಿರಿಯ ರಾಣಿ ಏಳಲೇ ಇಲ್ಲ. ಅಂದಿನಿಂದ ಇಲಿಗಳ ಮೇಲೆ ಅಳೆದು ನೋಡುತ್ತಿದ್ದರು.

ಸಭೆಯ ನಡುವೆ ಇಲಿಗಳನ್ನು ಸಾಲಾಗಿ ಮಲಗಿಸಿದ್ದರು. ದೊರೆ ಕೇಳಿದ: "ಕಣ್ಣು ತೆರೆದಿರುವುದು ನಿದ್ದೆಯಲ್ಲಿರಬಹುದು, ಮುಚ್ಚಿರುವುದು ಎಚ್ಚರವಾಗಿರಬಹುದು. ಎಚ್ಚರವಿರುವುದನ್ನು ಹೇಗೆ ಪತ್ತೆಮಾಡುವೆ?"

"ಉಸಿರಿನಿಂದ, ಮಹಾಸ್ವಾಮಿ," ಎಂದ ವೈದ್ಯ ಅಚ್ಯುತಾರ್ಯ. ಎಲ್ಲ ಇಲಿಗಳ ಉಸಿರೂ ಒಂದೇ ಸಮನಿತ್ತು. ಬಟ್ಟಲು ಬಂತು. ಅವನನ್ನು ಹೊತ್ತೊಯ್ದರು.

"ನಾಡಿಯಿಂದ," ಎಂದ ಎರಡನೆಯ ವೈದ್ಯ. ಅದೂ ಒಂದೇ ಸಮನಿತ್ತು; ಅವನನ್ನೂ ಹೊತ್ತೊಯ್ದರು.

ಮತ್ತೆ ಯಾವ ವೈದ್ಯನೂ ಎದ್ದು ನಿಲ್ಲಲಿಲ್ಲ. ಇಲಿಗೂಡು ತೊಳೆಯುವ ನೀಲವ್ವ ಮುಂದೆ ಬಂದಳು.

"ಹಿಕ್ಕೆ ಬಾಚೋಕೆ ಬಂದೆಯೇನಮ್ಮ?" ಎಂದ ಮಂತ್ರಿ.

"ನೀವು ಬಿಟ್ಟದ್ದನ್ನೆಲ್ಲ ಬಾಚೋಳೇ ನಾನು, ಸ್ವಾಮಿ." ಅವಳು ಇಲಿಗಳನ್ನು ಅಂಗಾತ ಮಲಗಿಸಿದಳು. ಕಣ್ಣು ಮುಚ್ಚಿದ್ದದ್ದು ಥಟ್ಟನೆ ಮಗುಚಿಕೊಂಡಿತು. "ಮಗುಚಿಕೊಂಡದ್ದು ಎಚ್ಚರ ಇದೆ, ಬುದ್ಧಿ."

"ಮಗುಚಿಕೊಳ್ಳದ್ದಕ್ಕೂ ಕತ್ತಿ ನೋಯುತ್ತದೆ. ಯಾವಾಗ ನೋಯದು ಎಂದು ಹೇಗೆ ತಿಳಿಯುವೆ?" ಎಂದು ದೊರೆ ಎರಡನೆಯ ಒಗಟು ಇಟ್ಟ.

"ಕಾಲ್ಬೆರಳು ಚಿವುಟಬೇಕು. ಕಾಲು ಎಳಕೊಂಡರೆ ಇನ್ನೂ ಕಾಯಬೇಕು."

ದೊರೆಯ ದನಿ ತಗ್ಗಿತು. "ಒಂದೇ ತೂಕದ ಮೂರು ಇಲಿ, ಒಂದೇ ಅಳತೆ ಮದ್ದು. ಮೊದಲನೆಯದು ನೂರು ಎಣಿಸುವಷ್ಟರಲ್ಲಿ ಎದ್ದಿತು, ಇನ್ನೊಂದು ಮುನ್ನೂರಕ್ಕೆ. ಇದು ಸತ್ತಿತು. ಯಾಕೆ?"

ನೀಲವ್ವ ಸೊಂಟದಿಂದ ಮೂರು ದಾರ ತೆಗೆದಳು. ಮದ್ದು ಕುಡಿದ ಇಲಿ ಏಳುವವರೆಗೆ, ಹತ್ತು ಎಣಿಸಿದಾಗಲೆಲ್ಲ ಒಂದು ಗಂಟು ಹಾಕುವುದು ಅವಳ ರೂಢಿ. "ಹತ್ತು ಗಂಟಿನದು ಗಂಡು. ಮೂವತ್ತರದು ಹೆಣ್ಣು. ತುದಿವರೆಗೂ ಗಂಟಿರೋದು ಬಸುರಿ. ಮದ್ದು ಬಂದದ್ದೇ ಬಸುರಿಯ ಮೈಯಿಂದ. ಅವಳೊಳಗೆ ಆಗಲೇ ಇರೋದರ ಮೇಲೆ ನಾವೂ ಸುರಿದರೆ ತಡೆದಾಳಾ?"

ದೊರೆ ಸತ್ತ ಇಲಿಯ ಹೊಟ್ಟೆ ಮುಟ್ಟಿದ. ಬೆರಳಿಗೆ ಪುಟ್ಟ ಪುಟ್ಟ ಗಂಟುಗಳು ಸಿಕ್ಕವು.

ಪರದೆಯ ಹಿಂದಿನಿಂದ ಕಿರಿಯ ರಾಣಿಯ ದನಿ ಬಂತು. "ನನಗೆ ಎಷ್ಟು ಹನಿ ಕಮ್ಮಿ ಮಾಡ್ತೀಯ, ನೀಲವ್ವ?"

"ಎಷ್ಟು ತಿಂಗಳು, ತಾಯಿ?"

"ಮೂರು. ಇನ್ನೂ ಯಾರಿಗೂ ಹೇಳಿಲ್ಲ."

ನೀಲವ್ವ ಎಂದಿನ ಅಳತೆಯ ಮೂರರಲ್ಲೊಂದು ಪಾಲು ಮದ್ದು ಕೊಟ್ಟಳು. ರಾಣಿಯ ಕಾಲ್ಬೆರಳು ಚಿವುಟಿ ನೋಡಿದ ಮೇಲೆಯೇ ಕತ್ತಿ ಇಡಗೊಟ್ಟಳು. ಗೆಡ್ಡೆ ತೆಗೆದರು. ಇಪ್ಪತ್ತೆಂಟನೆಯ ಗಂಟಿಗೆ ರಾಣಿ ಪಕ್ಕಕ್ಕೆ ಹೊರಳಿದಳು.

ದೊರೆ ಮದ್ದಿನ ಮನೆಯ ಬೀಗದ ಕೈಯನ್ನು ನೀಲವ್ವನ ಸೆರಗಿಗೆ ತಾನೇ ಕಟ್ಟಿದ. ಕಟ್ಟುತ್ತ ಮೆಲ್ಲಗೆ ಕೇಳಿದ: "ಹಿರಿಯವಳೂ...?"

"ಅವರನ್ನ ಯಾರೂ ಕೇಳಿರಲಿಲ್ಲ, ಬುದ್ಧಿ."