ತವರುದಿಬ್ಬ

ಬೆಳ್ಳಂಗೇರಿಯ ಕಡಲಂಚಿನಲ್ಲಿ, ಮನೆಗಳ ಸಾಲಿಗೂ ಅಲೆಗಳಿಗೂ ನಡುವೆ, ಆಳೆತ್ತರದ ಮರಳ ದಿಬ್ಬವೊಂದು ಉದ್ದಕ್ಕೂ ಮಲಗಿದೆ. ಅದರ ಮೈತುಂಬ ಅಡುಂಬು ಬಳ್ಳಿ ಹೆಣೆದುಕೊಂಡಿದೆ. ಬೆಳಗಿನ ಹೊತ್ತು ನೇರಳೆ ಹೂ ಬಿರಿದಾಗ ಮರಳೇ ಕಾಣದು. ಊರವರು ಇದನ್ನು ತವರುದಿಬ್ಬ ಎಂದು ಕರೆಯುತ್ತಾರೆ. ಈ ಹೆಸರು ಸೋಮಿ ಎಂಬ ಸೊಸೆಯಿಂದ ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿಗೆ ಜಟ್ಟಪ್ಪನೆಂಬ ಯಜಮಾನನಿದ್ದ. ಆಗಲೂ ಇಲ್ಲಿ ದಿಬ್ಬವಿತ್ತು, ಬಳ್ಳಿಯಿತ್ತು. ಒಂದು ಬೇಸಿಗೆಯಲ್ಲಿ ಮೀನು ಹೇರಳವಾಗಿ ಬಿದ್ದು ಒಣಗಿಸಲು ಜಾಗ ಸಾಲದಾದಾಗ, ಜಟ್ಟಪ್ಪ ಬಳ್ಳಿಯನ್ನೆಲ್ಲ ಕೀಳಿಸಿ ದಿಬ್ಬವನ್ನು ಸಪಾಟು ಮಾಡಿಸಿದ. ಅವನ ಸೊಸೆ ಸೋಮಿ ಆಗ ತುಂಬು ಬಸುರಿ. ಕಿತ್ತ ಬಳ್ಳಿಯ ರಾಶಿ ಕಂಡು ಅವಳಿಗೆ ಕಸಿವಿಸಿಯಾಯಿತು. ಆದರೂ ಮಾವನೆದುರು ಬಾಯಿ ಬಿಡದೆ ಚೊಚ್ಚಲ ಹೆರಿಗೆಗೆಂದು ತೆಂಕಲಿನ ತವರಿಗೆ ಹೋದಳು. ಆ ಮಳೆಗಾಲದಲ್ಲಿ ಕಡಲು ತಡೆಯಿಲ್ಲದೆ ಒಳನುಗ್ಗಿತು. ಮುಂದಿನ ಸಾಲಿನ ಮನೆಗಳು ಕೊಚ್ಚಿಹೋದವು, ಬಾವಿಯ ನೀರು ಉಪ್ಪಾಯಿತು. ಜೀವ ಉಳಿಸಿಕೊಂಡ ಜನ ಊರು ಬಿಡುವ ಮಾತಾಡತೊಡಗಿದರು.

ಸುದ್ದಿ ತವರಿಗೆ ಮುಟ್ಟಿದಾಗ ಸೋಮಿ ಕೂಸನ್ನೆತ್ತಿಕೊಂಡು ಅಲ್ಲಿಯ ದಂಡೆಗೆ ಹೋಗಿ ನಿಂತಳು. ಕಡಲು ಅದೇ, ಮಳೆಯೂ ಅದೇ. ಆದರೆ ಬಳ್ಳಿ ಹಬ್ಬಿದ ದಿಬ್ಬ ಅಲ್ಲಿ ಕದಲಿರಲಿಲ್ಲ. ಮಳೆ ತಗ್ಗಿ, ಗಂಡನ ಮನೆಗೆ ಹೊರಡುವ ದಿನ ಬಂತು. ಮಡಿಲು ತುಂಬಲು ತಾಯಿ ಅಕ್ಕಿ, ತೆಂಗಿನಕಾಯಿ ತಂದಳು.

"ಅಕ್ಕಿ ಬೇಡ ಅವ್ವಿ, ಅಡುಂಬು ಬಳ್ಳಿ ಹಾಕು" ಎಂದಳು ಸೋಮಿ.

"ಬಾಣಂತಿ ಮಡಿಲಿಗೆ ಕಾಡುಬಳ್ಳಿ ಹಾಕ್ತಾರೇನೇ? ಕಂಡೋರು ಏನಂದಾರು?"

"ಅಕ್ಕಿ ಬೇಯಿಸೂಕೆ ಮನೆ ಉಳೀಬೇಕಲ್ಲ, ಅವ್ವಿ."

ತಾಯಿ ಕತ್ತಿ ಹಿಡಿದು ದಂಡೆಗೆ ಹೋದಳು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿದ್ದ ಬಳ್ಳಿಯನ್ನು ಕಡಿದು ತಂದು, ಅರಿಸಿನ ಕುಂಕುಮ ಹಚ್ಚಿ, ಮಗಳ ಮಡಿಲಿಗಿಟ್ಟಳು. ಮನಸ್ಸು ತಡೆಯದೆ ಅದರ ಮೇಲೆ ಹಿಡಿ ಅಕ್ಕಿಯನ್ನೂ ಹಾಕಿದಳು. ಇದನ್ನು ಕಂಡ ಕೇರಿಯ ಹೆಂಗಸರು ತಾವೂ ಬುಟ್ಟಿ ತುಂಬ ಬಳ್ಳಿ ಹೊತ್ತು, ಅವಳ ಹಿಂದೆ ದಂಡೆಗುಂಟ ನಡೆದರಂತೆ.

ಬೆಳ್ಳಂಗೇರಿಯಲ್ಲಿ ಜಟ್ಟಪ್ಪ ಗಂಟುಮೂಟೆ ಕಟ್ಟಿಸುತ್ತಿದ್ದ. ಸೊಸೆಯ ಮಡಿಲು ನೋಡಿ ಅವನ ಕೈ ನಿಂತಿತು. ಬೈಯುತ್ತಾನೇನೋ ಎಂದುಕೊಂಡಳು ಸೋಮಿ. ಅವನು ತಲೆ ತಗ್ಗಿಸಿಯೇ ಕೇಳಿದ: "ಎಲ್ಲಿಂದ ಸುರು ಮಾಡುವ, ಮಗಾ?"

ಊರೆಲ್ಲ ಸೇರಿ ಬಳ್ಳಿ ನೆಟ್ಟು, ದನಕರು ತುಳಿಯದಂತೆ ಮುಳ್ಳುಬೇಲಿ ಹಾಕಿತು. ಮರುವರ್ಷದ ಕಡಲು ಅರ್ಧದಷ್ಟನ್ನು ಎಳೆದೊಯ್ದಿತು. ತವರಿನ ಹೆಂಗಸರು ಕರೆಯುವ ಮುನ್ನವೇ ಮತ್ತೆ ಬುಟ್ಟಿ ಹೊತ್ತು ಬಂದರು. ಉಳಿದ ಬಳ್ಳಿ ಗಾಳಿಗೆ ಹಾರಿಬಂದ ಮರಳನ್ನು ಹಿಡಿದಿಟ್ಟುಕೊಂಡಿತು. ಮರಳು ಏರಿದಂತೆ ಬಳ್ಳಿಯೂ ಏರಿತು. ಸೋಮಿಯ ಕೂಸು ದೋಣಿ ಏರುವ ಪ್ರಾಯಕ್ಕೆ ಬರುವಷ್ಟರಲ್ಲಿ ದಿಬ್ಬ ನಿಂತಿತ್ತು, ಬಾವಿಯ ನೀರೂ ಸಿಹಿಯಾಗಿತ್ತು. ದಿಬ್ಬಕ್ಕೆ ಸೊಸೆಯ ಹೆಸರಿಡಬೇಕೆಂದು ಜಟ್ಟಪ್ಪ ಹೊರಟಾಗ ಅವಳು ಒಪ್ಪಲಿಲ್ಲ.

"ನಂದೇನುಂಟು ಮಾವ? ತವರಿಂದ ಬಂದದ್ದು" ಎಂದಳಂತೆ.

ಮಳೆ ಮುಗಿದ ದಿನಗಳಲ್ಲಿ ಇಲ್ಲಿಗೆ ಬಂದವರು ಈಗಲೂ ಒಂದು ನೋಟ ಕಾಣುತ್ತಾರೆ. ತಾಯಿಯನ್ನು ಕಳೆದುಕೊಂಡ, ಬಾಣಂತನಕ್ಕೆ ಹೋಗಲು ಮನೆಯಿಲ್ಲದ ಹೆಣ್ಣುಮಕ್ಕಳು ಕೂಸನ್ನೆತ್ತಿಕೊಂಡು ದಿಬ್ಬದ ಬುಡಕ್ಕೆ ಬರುತ್ತಾರೆ. ಊರಿನ ಹಿರಿಯಳೊಬ್ಬಳು ಅವರ ಮಡಿಲು ತುಂಬುತ್ತಾಳೆ. ಅವರು ಬಳ್ಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಹೋಗಿ ಬರ್ತೆ, ಅವ್ವಿ" ಎಂದು ಹೇಳಿ ಹೊರಡುತ್ತಾರೆ.